ಗಂಡನ ಬಯೋ

ಆಫೀಸಿನಲ್ಲಿ ಎಲ್ಲರೂ ಅವಳನ್ನು ದೊಡ್ಡಕ್ಕ ಅಂತಲೇ ಕರೆಯುತ್ತಿದ್ದರು. ಸುತ್ತ ಕೂತವರೆಲ್ಲ ನಿನ್ನೆ ಮೊನ್ನೆ ಕಾಲೇಜು ಬಿಟ್ಟವರು. ಅವರ ನಡುವೆ ಅವಳು, ಕೆಳಗಿನ ಹಾಸಿಗೆ ಅಂಗಡಿಗೆ ಬಂದು ದಾರಿ ತಪ್ಪಿ ಮೇಲಿನ ಮಹಡಿಗೆ ಹತ್ತಿದ ಯಾರದೋ ತಾಯಿಯ ಹಾಗೆ ಕಾಣುತ್ತಿದ್ದಳು. ಹಾಗಂತ ಅವಳಿಗೇನೂ ಬೇಜಾರಿರಲಿಲ್ಲ. ಬೇಜಾರು ಮಾಡಿಕೊಳ್ಳುವುದಕ್ಕೂ ಮೈಯಲ್ಲಿ ಒಂದಿಷ್ಟು ಕಸುವು ಬೇಕಲ್ಲ.

ಕೆಲಸ ಹೇಳಿಕೊಳ್ಳುವಂಥದ್ದಲ್ಲ. ಜನ ಫೋನಿನಲ್ಲಿ ಖಾತೆ ತೆರೆದಾಗ ತಮ್ಮ ಫೋಟೋದ ಕೆಳಗೆ ತಮ್ಮ ಬಗ್ಗೆ ಒಂದೆರಡು ಸಾಲು ಬರೆದುಕೊಳ್ಳುತ್ತಾರಲ್ಲ, ಬಯೋ ಅಂತ, ಅದು ಒಂದೊಂದಾಗಿ ಅವಳ ಪರದೆಯ ಮೇಲೆ ಬರುತ್ತಿತ್ತು. ಹೆಸರಿಲ್ಲ, ಮುಖವಿಲ್ಲ, ಸಾಲು ಮಾತ್ರ. ಅದನ್ನು ಓದಿ, ಈ ಮನುಷ್ಯನಿಗೆ ಯಾವುದರಲ್ಲಿ ಆಸಕ್ತಿ ಅಂತ ತೀರ್ಮಾನಿಸಿ, ಪಕ್ಕದಲ್ಲಿದ್ದ ಬುಟ್ಟಿಗಳಲ್ಲಿ ಒಂದಕ್ಕೆ ಹಾಕಬೇಕು. ಪ್ರವಾಸ, ಅಡುಗೆ, ಆಟ, ಭಕ್ತಿ, ಸಾಕುಪ್ರಾಣಿ, ಸಂಗೀತ, ವ್ಯಾಪಾರ. ಯಾವುದಕ್ಕೂ ಒಗ್ಗದಿದ್ದರೆ 'ಇತರೆ'. ಮನುಷ್ಯರು ಹೀಗೆ ಬುಟ್ಟಿಗೆ ಹಾಕಿದ್ದನ್ನು ನೋಡಿ ನೋಡಿ ಒಂದು ಪ್ರೋಗ್ರಾಂ ತಾನೇ ಆ ಕೆಲಸ ಕಲಿಯುತ್ತದೆ. ಕಲಿತ ಮೇಲೆ ಯಾರಿಗೆ ಯಾವ ಜಾಹೀರಾತು ತೋರಿಸಬೇಕು ಅಂತ ಅದೇ ಹೇಳುತ್ತದೆ. ಅಲ್ಲಿಗೆ ಇವರೆಲ್ಲರ ಕೆಲಸ ಮುಗಿಯುತ್ತದೆ. ಎಲ್ಲರಿಗೂ ಗೊತ್ತಿದ್ದ ವಿಷಯವೇ. ತಾವು ಕೂತ ಕೊಂಬೆಯನ್ನು ತಾವೇ ಕಡಿಯುವುದಕ್ಕೆ ತಿಂಗಳ ಸಂಬಳ ಅಂತ ಪಕ್ಕದ ಸೀಟಿನ ಕನ್ನಡಕದವಳು ನಗಾಡುತ್ತಿದ್ದಳು. ಅವಳಿಗೆ ಹೋದ ವರ್ಷವಷ್ಟೇ ಮದುವೆಯಾಗಿತ್ತು. ನಗುವ ವಯಸ್ಸು.

ಮೊದಮೊದಲು ದೊಡ್ಡಕ್ಕನಿಗೂ ಅದು ರುಚಿಯಾಗಿಯೇ ಇತ್ತು. ಬೇರೆಯವರ ಮನೆ ಕಿಟಕಿಯಲ್ಲಿ ಇಣುಕಿದ ಹಾಗೆ. ಆಮೇಲೆ ಕಿಟಕಿಗಳೆಲ್ಲ ಒಂದೇ ಥರ ಕಾಣಿಸತೊಡಗಿದವು. "ಸರಳ ಜೀವಿ" ಅಂತ ಬರೆದುಕೊಂಡವರು ಅದರ ಮುಂದೆಯೇ ತಮ್ಮ ಪದವಿ, ಪ್ರಶಸ್ತಿ, ಕಾರು ಎಲ್ಲ ಪಟ್ಟಿ ಮಾಡುತ್ತಿದ್ದರು. "ನೇರ ನುಡಿ, ನೇರ ನಡೆ" ಅನ್ನುವವರು ಜಗಳಗಂಟರು. ಇದರಲ್ಲಿ ಅವಳಿಗೆ ಅನುಮಾನವೇ ಉಳಿದಿರಲಿಲ್ಲ. "ಜಗತ್ತು ಸುತ್ತುವ ಹುಚ್ಚು" ಅಂದವರಲ್ಲಿ ಅರ್ಧಕ್ಕರ್ಧ ಜನ ಮನೆಯಿಂದ ಬಸ್ ಸ್ಟ್ಯಾಂಡಿಗೆ ಹೋಗುವುದಕ್ಕೂ ಸೋಮಾರಿಗಳಿರಬೇಕು. "ನಗುವೇ ನನ್ನ ಆಸ್ತಿ" ಅನ್ನುವ ಸಾಲು ಬಂದಾಗ ಮಾತ್ರ ಅವಳ ಬೆರಳು ಒಂದು ಗಳಿಗೆ ನಿಲ್ಲುತ್ತಿತ್ತು. ಪಾಪ, ಏನಾಗಿದೆಯೋ ಅಂತ. ನಿಂತು ಪ್ರಯೋಜನವಿಲ್ಲ, ಅದಕ್ಕೆ ಬುಟ್ಟಿಯಿಲ್ಲ. 'ಇತರೆ'ಗೆ ಹಾಕಿ ಮುಂದೆ ಹೋಗುತ್ತಿದ್ದಳು.

ಸಂಜೆ ಹೊತ್ತಿಗೆ ಕಣ್ಣು ಉರಿಯುತ್ತಿತ್ತು. ಮನೆಗೆ ಬಂದರೆ ಅತ್ತೆ, ಗಂಡ, ಒಲೆ. ಮಗಳು ಓದಲು ಬೇರೆ ಊರಿನ ಹಾಸ್ಟೆಲ್ ಸೇರಿದ ಮೇಲೆ ಮನೆಯಲ್ಲಿ ಮಾತು ಕಡಿಮೆಯಾಗಿತ್ತು. ಗಂಡ ಲಿಫ್ಟ್ ಮೆಕ್ಯಾನಿಕ್. ಊರಿನ ಎತ್ತರದ ಕಟ್ಟಡಗಳ ಲಿಫ್ಟುಗಳನ್ನು ನೋಡಿಕೊಳ್ಳುವ ಒಂದು ಕಂಪನಿಯಲ್ಲಿ ಮದುವೆಗೆ ಮುಂಚಿನಿಂದಲೂ ಇದ್ದ. ಬಾಯಿ ಬಿಟ್ಟರೆ ಮುತ್ತು ಉದುರೀತು ಅನ್ನುವ ಹಾಗೆ ಇರುವ ಮನುಷ್ಯ. "ಊಟ ಆಯ್ತಾ", "ಗ್ಯಾಸ್ ಬುಕ್ ಮಾಡಿದ್ಯಾ", "ದೀಪ ಆರಿಸು", ಇಷ್ಟರಲ್ಲಿ ಅವರ ದಿನ ಮುಗಿಯುತ್ತಿತ್ತು. ಜಗಳವಿರಲಿಲ್ಲ. ಜಗಳಕ್ಕೂ ಎರಡು ಕೈ ಸೇರಬೇಕಲ್ಲ.

ಒಂದು ದಿನ ಸೂಪರ್‌ವೈಸರ್ ಎಲ್ಲರನ್ನೂ ಸುತ್ತ ನಿಲ್ಲಿಸಿಕೊಂಡ. ಮಾತೆತ್ತಿದರೆ ಟಾರ್ಗೆಟ್ ಅನ್ನುತ್ತಿದ್ದುದರಿಂದ ಅವನಿಗೆ ಟಾರ್ಗೆಟ್ ಸಾರ್ ಅಂತಲೇ ಹೆಸರು ಬಿದ್ದಿತ್ತು.

"ಪ್ರೋಗ್ರಾಂ ರೆಡಿ ಆಗಿದೆ," ಅಂದ. "ಈಗ ಪರೀಕ್ಷೆ. ಪ್ರತಿಯೊಬ್ಬರೂ ನಿಮಗೆ ಚೆನ್ನಾಗಿ ಗೊತ್ತಿರೋ ಕೆಲವರ ಖಾತೆ ಕೊಡಿ. ಮನೆಯವರಾದ್ರೆ ಒಳ್ಳೇದು. ಅವರನ್ನ ಕೇಳಿ, ಅವರು ಒಪ್ಪಿದ್ರೆ ಮಾತ್ರ. ಪ್ರೋಗ್ರಾಂ ಅವರ ಬಯೋ ಓದಿ ಆಸಕ್ತಿ ಹೇಳತ್ತೆ. ಸರಿನೋ ತಪ್ಪೋ ನೀವು ಗುರುತು ಹಾಕಿ. ತಪ್ಪಾದ್ರೆ ಸರಿ ಯಾವುದು ಅಂತ ಬರೀರಿ. ಅವರ ವಿಷಯ ನಿಮಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತಿರತ್ತೆ?"

ಆ ಸಂಜೆ ಊಟಕ್ಕೆ ಕೂತಾಗ ದೊಡ್ಡಕ್ಕ ವಿಷಯ ಎತ್ತಿದಳು. ಅತ್ತೆಗೆ ಖುಷಿಯೋ ಖುಷಿ.

"ನನ್ನದು ಮೊದಲು ಹಾಕೇ. ನಾನು ಚೆನ್ನಾಗಿ ಬರೆದಿದೀನಿ, ಎಲ್ಲರೂ ಹೊಗಳಿದ್ರು. 'ಸಂಸಾರದಿಂದ ನಿವೃತ್ತಿ. ಸಲಹೆ ಉಚಿತ.' ಹೇಗಿದೆ?"

"ನಿವೃತ್ತಿ ಯಾವಾಗ ಆದ್ರಿ ಅತ್ತೆ?" ಅಂದಳು ದೊಡ್ಡಕ್ಕ. "ಬೆಳಿಗ್ಗೆ ನನ್ನ ಸೊಪ್ಪು ಹೆಚ್ಚೋ ರೀತಿ ಸರಿಯಿಲ್ಲ ಅಂದ್ರಲ್ಲ."

"ಅದು ಉಚಿತ ಸಲಹೆ," ಅಂದರು ಅತ್ತೆ.

ಗಂಡ ತಲೆ ಎತ್ತದೆ ಫೋನು ಅವಳತ್ತ ಸರಿಸಿದ. ಏನು, ಎತ್ತ, ಯಾಕೆ ಅಂತ ಕೇಳಲಿಲ್ಲ. "ಎಲ್ಲಿ ಒತ್ತಬೇಕೋ ಒತ್ತಿಕೋ" ಅಂದ. ಅವಳು ಒಪ್ಪಿಗೆಯ ಗುಂಡಿಯನ್ನು ತೋರಿಸಿದಳು, ಅವನೇ ಒತ್ತಿದ.

ಮರುದಿನ ಅತ್ತೆಯದೇ ಮೊದಲು ಬಂತು. ಪ್ರೋಗ್ರಾಂ ಹೇಳಿದ್ದು: ಉಚಿತ ಕೊಡುಗೆ, ರಿಯಾಯಿತಿ ಮಾರಾಟ. ಕನ್ನಡಕದವಳು ನಕ್ಕು ಮೇಜಿನ ಮೇಲೆ ತಲೆ ಇಟ್ಟಳು. ದೊಡ್ಡಕ್ಕ ಯೋಚಿಸಿ 'ಸರಿ' ಅಂತಲೇ ಒತ್ತಿದಳು. ಎಷ್ಟೆಂದರೂ ಸುಳ್ಳಲ್ಲ.

ಆಮೇಲೆ ಅವಳದೇ. ಖಾತೆ ತೆರೆದು ವರ್ಷಗಳಾಗಿದ್ದರೂ ಅವಳು ಅಲ್ಲಿ ಏನೂ ಬರೆದಿರಲಿಲ್ಲ. ಫೋಟೋದ ಜಾಗದಲ್ಲಿ ಮಗಳ ಚಿಕ್ಕಂದಿನ ಫೋಟೋ. ಪ್ರೋಗ್ರಾಂ ಸ್ವಲ್ಪ ಹೊತ್ತು ತಿರುಗಿ, "ಮಾಹಿತಿ ಸಾಲದು, ಆಸಕ್ತಿ ಪತ್ತೆಯಾಗಲಿಲ್ಲ" ಅಂದಿತು. ಕೆಳಗೆ ಎರಡು ಗುಂಡಿ. 'ತಪ್ಪು' ಒತ್ತಿದರೆ ಸರಿ ಯಾವುದೆಂದು ಬರೆಯಬೇಕು. ಬರೆಯುವುದಕ್ಕೆ ಏನಿದೆ ಅಂತ ನೆನಪು ಮಾಡಿಕೊಳ್ಳಲು ಹೋದಳು. ಮುಂದಿನದು ಬರಲಿ ಅಂತ ಪರದೆ ಮಿನುಗುತ್ತಿತ್ತು. 'ಸರಿ' ಒತ್ತಿಬಿಟ್ಟಳು.

ಮುಂದಿನದು ಗಂಡನದು. ಅವನು ಬಯೋ ಬರೆದಿದ್ದಾನೆ ಅನ್ನುವುದೇ ಅವಳಿಗೆ ಗೊತ್ತಿರಲಿಲ್ಲ.

"ಬೆಟ್ಟ ಹತ್ತುವವನು. ಆಕಾಶ ನೋಡುವವನು. ಒಂದಿಷ್ಟು ಗಾಳಿಯಿದ್ದರೆ ಸಾಕು."

ಪ್ರೋಗ್ರಾಂ ಹೇಳಿದ್ದು: ಚಾರಣ, ಖಗೋಳ ವೀಕ್ಷಣೆ, ಹೊರಾಂಗಣ ಸಾಹಸ.

"ದೊಡ್ಡಕ್ಕಾ, ಭಾವ ಚಾರಣ ಹೋಗ್ತಾರಾ? ಹೇಳೇ ಇಲ್ಲ ನೀವು!" ಕನ್ನಡಕದವಳು ಕುರ್ಚಿ ಎಳೆದುಕೊಂಡು ಬಂದಳು.

"ಬೆಟ್ಟ ಹತ್ತೋದು ಹಾಗಿರಲಿ, ಮಂಚ ಹತ್ತೋಕೂ ಕೈ ಊರ್ತಾರೆ ನಮ್ಮನೆಯವರು," ಅಂದಳು ದೊಡ್ಡಕ್ಕ.

ಸುತ್ತಲಿನವರೆಲ್ಲ ಗೊಳ್ಳೆಂದು ನಕ್ಕರು. ಅವಳೂ ನಕ್ಕಳು. ಬಹಳ ದಿನದ ಮೇಲೆ ತನ್ನ ಮಾತಿಗೆ ನಾಲ್ಕು ಜನ ನಗುತ್ತಿದ್ದಾರೆ, ಅದರ ಖುಷಿ. ಆ ಹುಮ್ಮಸ್ಸಿನಲ್ಲೇ 'ತಪ್ಪು' ಒತ್ತಿ, ಸರಿ ಯಾವುದು ಅನ್ನುವಲ್ಲಿ ಟಕಟಕನೆ ಬರೆದಳು: ನಿದ್ದೆ. ಟಿವಿ. ಮಂಡಿನೋವಿನ ಎಣ್ಣೆ. ಒರಗುವ ಕುರ್ಚಿ.

ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅವಳು ಕಂಡದ್ದು ಅದನ್ನೇ. ಕೆಲಸದಿಂದ ಬಂದವನು ಚಪ್ಪಲಿ ಬಿಟ್ಟು ಸೋಫಾದಲ್ಲಿ ಕೂತರೆ ಟಿವಿ ಅವನನ್ನು ನೋಡುತ್ತಿತ್ತೋ ಅವನು ಟಿವಿಯನ್ನು ನೋಡುತ್ತಿದ್ದನೋ, ಕಣ್ಣು ಮುಚ್ಚಿರುತ್ತಿತ್ತು. ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ. ಯಾರಿಗೂ ಗೊತ್ತಾಗುವುದಿಲ್ಲ ಅಂತ ತಿಳಿದಿದ್ದ. ವಾಸನೆಗೆ ಬಾಗಿಲು ಎಲ್ಲಿದೆ?

ಒಂದು ವಾರ ಕಳೆದಿರಬೇಕು. ಅತ್ತೆಯ ಫೋನಿಗೆ ಸುಗ್ಗಿ. "ಒಂದು ತಗೊಂಡ್ರೆ ಒಂದು ಫ್ರೀ ಅಂತೆ ಕಣೇ, ಬಕೆಟ್ಟು! ನನಗೇ ಅಂತ ಕಳಿಸಿದಾರೆ!" ಎಂದು ದಿನವೂ ಒಂದೊಂದು ತೋರಿಸುತ್ತಿದ್ದರು. ಮನೆಗೆ ಬೇಡದ ಬಕೆಟ್ಟು ಎರಡು ಬಂದವು.

ಗಂಡ ಸೋಫಾದಲ್ಲಿ ಫೋನು ಹಿಡಿದು ಕೂತಿದ್ದ. ಅವಳು ಬಟ್ಟೆ ಮಡಿಸುತ್ತಿದ್ದಳು.

"ನೋಡು ಇಲ್ಲಿ," ಅಂದ. ಅವನಾಗಿ ಮಾತು ಶುರು ಮಾಡಿದ್ದೇ ಅಪರೂಪ. "ಬೆಳಿಗ್ಗೆಯಿಂದ ಇದೇ. ಮಂಡಿಗೆ ಪಟ್ಟಿ. ಊರುಗೋಲು, ಮಡಚೋದಂತೆ. ರಾತ್ರಿ ಬಚ್ಚಲಿಗೆ ಹೋಗುವಾಗ ಜಾರದ ಚಪ್ಪಲಿ. ಮುಂಚೆ ಹೀಗಿರಲಿಲ್ಲ. ಬೆಟ್ಟದ ಫೋಟೋ ಬರ್ತಿತ್ತು, ನಕ್ಷತ್ರದ್ದು ಬರ್ತಿತ್ತು."

"ಫೋನು ಅಂದ್ಮೇಲೆ ಏನೇನೋ ಬರತ್ತೆ ಬಿಡಿ," ಅಂದಳು. ಕೈಯಲ್ಲಿದ್ದ ಅಂಗಿಯ ತೋಳು ಒಳಗು ಹೊರಗಾಗಿತ್ತು.

"ಬರ್ಲಿ. ಆದ್ರೆ ಇದ್ದಕ್ಕಿದ್ದ ಹಾಗೆ ನಾನು ಮುದುಕ ಅಂತ ಇದಕ್ಕೆ ಯಾರು ಹೇಳಿದ್ರು ಅಂತ."

ಅಷ್ಟು ಹೇಳಿ ಫೋನನ್ನು ಬೋರಲು ಹಾಕಿದ. ಕೋಪವಿರಲಿಲ್ಲ ದನಿಯಲ್ಲಿ. ಕೋಪವಿದ್ದಿದ್ದರೆ ಅವಳಿಗೆ ಉತ್ತರ ಕೊಡಲು ಸುಲಭವಾಗುತ್ತಿತ್ತು. ಅಂಗಿಯನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು. ಹೇಳಬೇಕು ಅಂತ ಬಾಯಿಯವರೆಗೆ ಬಂದದ್ದು, ಅತ್ತೆ ಒಳಗಿನಿಂದ "ಮೂರನೇ ಬಕೆಟ್ಟಿಗೆ ಮುಚ್ಚಳ ಫ್ರೀ!" ಅಂತ ಕೂಗಿದ್ದರಲ್ಲಿ ಹಿಂದಕ್ಕೆ ಹೋಯಿತು.

ಆ ಭಾನುವಾರ ಮಧ್ಯಾಹ್ನ ಕಂಪನಿಯಿಂದ ಫೋನು ಬಂತು. ದೊಡ್ಡ ರಸ್ತೆಯಾಚೆಯ ಎತ್ತರದ ಅಪಾರ್ಟ್‌ಮೆಂಟಿನಲ್ಲಿ ಲಿಫ್ಟ್ ನಿಂತಿದೆ, ಒಳಗೆ ಯಾರೂ ಇಲ್ಲ, ಆದರೆ ಜನ ಕೂಗಾಡುತ್ತಿದ್ದಾರೆ. ಜೊತೆಗೆ ಬರಬೇಕಾದವನು ರಜೆಯಲ್ಲಿದ್ದ. ಗಂಡ ಎದ್ದು ಸಾಮಾನಿನ ಚೀಲ ಎತ್ತಿದವನು ಅರ್ಧಕ್ಕೆ ನಿಂತ. ಹುಬ್ಬು ಗಂಟಿಕ್ಕಿತು. ಚೀಲ ಮತ್ತೆ ನೆಲಕ್ಕೆ ಬಂತು.

"ಕೊಡಿ ಇಲ್ಲಿ," ಅಂದಳು ದೊಡ್ಡಕ್ಕ. "ನಾನೂ ಬರ್ತೀನಿ."

"ನೀನು ಬಂದು ಏನ್ ಮಾಡ್ತೀಯ?"

"ಚೀಲ ಹಿಡ್ಕೋತೀನಿ."

ಅವನು ಬೇಡ ಅನ್ನಲಿಲ್ಲ. ಬೇಡ ಅನ್ನದಿದ್ದುದೇ ಅವಳನ್ನು ಹೆದರಿಸಿತು.

ಕಟ್ಟಡದ ಕೆಳಗೆ ತರಕಾರಿ ಚೀಲ, ಮಕ್ಕಳ ಸೈಕಲ್ಲು, ಮುಖ ಊದಿಸಿಕೊಂಡ ಹೆಂಗಸರು, ಗಂಡಸರು. "ಈಗ ಬಂದ್ರಾ!" ಅಂತ ಒಬ್ಬರು. "ತಿಂಗಳಿಗೆ ಎರಡು ಸಲ ಇದೇ ಕಥೆ!" ಅಂತ ಇನ್ನೊಬ್ಬರು. ಗಂಡ ಯಾರಿಗೂ ಉತ್ತರ ಕೊಡದೆ ಲಿಫ್ಟಿನ ಬಾಗಿಲಿಗೆ ಕಿವಿಯಿಟ್ಟ, ಪಕ್ಕದ ಮೆಟ್ಟಿಲ ಕಡೆ ತಿರುಗಿದ.

"ಎಲ್ಲಿಗೆ?" ಅಂದಳು.

"ಮೇಲಕ್ಕೆ. ಮೋಟಾರು ಇರೋದು ತಾರಸಿ ಮೇಲೆ."

"ಅಲ್ಲೀವರೆಗೂ ಮೆಟ್ಟಿಲು ಹತ್ತಿಕೊಂಡಾ?"

ಅವನು ಅವತ್ತು ಮೊದಲ ಸಲ ಅವಳ ಮುಖ ನೋಡಿ ಸಣ್ಣಗೆ ನಕ್ಕ. "ಲಿಫ್ಟ್ ಕೆಟ್ಟಾಗಲೇ ಅಲ್ವಾ ನನ್ನ ಕರೆಯೋದು? ಇನ್ನು ಹೇಗೆ ಹೋಗಬೇಕು?"

ಅವಳು ಮೆಟ್ಟಿಲಿನ ಮೇಲೆ ಇಟ್ಟ ಕಾಲು ಅಲ್ಲೇ ನಿಂತಿತು. ಇಷ್ಟು ವರ್ಷ ಗಂಡ ಲಿಫ್ಟಿನವನು, ಅಂದಮೇಲೆ ಲಿಫ್ಟಿನಲ್ಲೇ ಓಡಾಡುತ್ತಾನೆ ಅಂತ ಅವಳು ತಿಳಿದಿದ್ದಳು. ತಿಳಿದಿದ್ದಳು ಅಂತಲೂ ಅಲ್ಲ, ಆ ಬಗ್ಗೆ ಯೋಚಿಸಿಯೇ ಇರಲಿಲ್ಲ. ಊರಿನಲ್ಲಿ ಎತ್ತರದ ಕಟ್ಟಡ ಯಾವುದಿದೆಯೋ ಅದನ್ನೆಲ್ಲ ಈ ಮನುಷ್ಯ, ಹೆಗಲಿಗೆ ಕಬ್ಬಿಣದ ಚೀಲ ಏರಿಸಿಕೊಂಡು, ಕಾಲಿನಲ್ಲಿ ಹತ್ತಿದ್ದಾನೆ. ಮತ್ತೆ ಮತ್ತೆ ಹತ್ತಿದ್ದಾನೆ. ಹತ್ತಿ ಇಳಿದು ಬಂದು ಮನೆಯ ಸೋಫಾದಲ್ಲಿ ಕಣ್ಣು ಮುಚ್ಚಿದ್ದನ್ನು ಅವಳು ನೋಡಿದ್ದಾಳೆ. ಅಷ್ಟನ್ನು ಮಾತ್ರ ನೋಡಿದ್ದಾಳೆ.

ಅವನು ಕಂಬಿ ಹಿಡಿದು ಹತ್ತುತ್ತಿದ್ದ. ಪ್ರತಿ ತಿರುವಿನಲ್ಲೂ ನಿಂತು ಆ ಮಹಡಿಯ ಲಿಫ್ಟ್ ಬಾಗಿಲನ್ನು ಅಲ್ಲಾಡಿಸಿ ನೋಡುವವನ ಹಾಗೆ ಮಾಡುತ್ತಿದ್ದ. ಪರೀಕ್ಷೆಯಲ್ಲ, ಉಸಿರು ತೆಗೆದುಕೊಳ್ಳುವ ನೆಪ ಅಂತ ಅವಳಿಗೆ ಗೊತ್ತಾಯಿತು. ಅವಳಿಗೂ ಎದೆ ಡವಡವ. ಚೀಲದ ಪಟ್ಟಿ ಹೆಗಲನ್ನು ಕೊರೆಯುತ್ತಿತ್ತು. ಬಾಗಿಲು ತೆರೆದಿದ್ದ ಮನೆಯೊಂದರಿಂದ ಮುದುಕರೊಬ್ಬರು ಇಣುಕಿ, "ಹೋ, ನೀವಾ? ನೀರು ಕುಡೀತೀರಾ?" ಅಂತ ಅವನನ್ನು ಪರಿಚಯದವರ ಹಾಗೆ ಕೇಳಿದರು. ನೀರು ಕುಡಿದು ಮತ್ತೆ ಹತ್ತಿದರು.

ತಾರಸಿಯ ಮೇಲೆ ಒಂದು ಸಣ್ಣ ಕೋಣೆ. ಒಳಗೆ ಎಣ್ಣೆಯ, ಬಿಸಿ ಕಬ್ಬಿಣದ ವಾಸನೆ. ದೊಡ್ಡ ಚಕ್ರ, ಅದರ ಮೇಲೆ ಹಾದು ಕೆಳಗಿನ ಕತ್ತಲೆಗೆ ಇಳಿದ ಉಕ್ಕಿನ ಹಗ್ಗಗಳು. ಗಂಡ ಮೊದಲು ಕರೆಂಟು ತೆಗೆದ. ಗೋಡೆಯ ಪೆಟ್ಟಿಗೆ ತೆರೆದು, ಟಾರ್ಚು ಅವಳ ಕೈಗೆ ಕೊಟ್ಟು, "ಇಲ್ಲಿ ಹಿಡಿ. ಅಲ್ಲಾಡಿಸಬೇಡ" ಅಂದ. ಸುಟ್ಟು ಕಪ್ಪಾಗಿದ್ದ ಬೆರಳುದ್ದದ ತುಣುಕೊಂದನ್ನು ಹೊರತೆಗೆದು ಹೊಸದು ಕೂರಿಸಿದ. ಮನೆಯಲ್ಲಿ ನೀರಿನ ಲೋಟವನ್ನೂ ಒಮ್ಮೊಮ್ಮೆ ತಡವರಿಸಿ ಎತ್ತುವ ಆ ಕೈ ಇಲ್ಲಿ ಒಂದು ಸಲವೂ ನಡುಗಲಿಲ್ಲ. ಕರೆಂಟು ಹಾಕಿ ಗುಂಡಿ ಒತ್ತಿದಾಗ ಚಕ್ರ ಗುರ್ ಎಂದು ತಿರುಗಿತು. ಕೆಳಗೆ ಎಲ್ಲೋ ದೂರದಲ್ಲಿ ಜನ ಹೋ ಎಂದರು.

"ಆಯ್ತಲ್ಲ, ಹೋಗೋಣ," ಅಂದಳು ದೊಡ್ಡಕ್ಕ.

"ಐದು ನಿಮಿಷ ಇರು," ಅಂದ. ಕೋಣೆಯ ಹಿಂದಿದ್ದ ಗಿಡ್ಡ ಕಬ್ಬಿಣದ ಏಣಿಯ ಕಡೆ ನಡೆದ.

ನೀರಿನ ಟ್ಯಾಂಕಿನ ಪಕ್ಕದಲ್ಲಿ ಇಬ್ಬರು ಕೂರುವಷ್ಟು ಸಿಮೆಂಟಿನ ಕಟ್ಟೆ. ಅಲ್ಲಿ ಅವನು ಬೂಟು ಬಿಚ್ಚಿ ಕಾಲು ಚಾಚಿ ಕೂತ. ಗಾಳಿ ಅಂದರೆ ಗಾಳಿ. ಅವಳ ಸೆರಗು ಹಾರಿ ಅವನ ಮುಖಕ್ಕೆ ಬಡಿಯಿತು. ಇಡೀ ಊರು ಕಾಲ ಕೆಳಗಿತ್ತು. ಸಂಜೆಯಾಗುತ್ತಿತ್ತು.

"ಆ ಹಸಿರು ಟ್ಯಾಂಕ್ ಕಾಣತ್ತಲ್ಲ, ಅದು ಆಸ್ಪತ್ರೆ," ಅಂದ. "ಅಲ್ಲಿ ಗಾಳಿ ಕಡಿಮೆ. ಆದ್ರೆ ಚಂದ್ರ ಅಲ್ಲೇ ಚೆನ್ನಾಗಿ ಕಾಣೋದು. ಆಚೆ ಉದ್ದಕ್ಕಿದೆಯಲ್ಲ, ಬ್ಯಾಂಕಿಂದು, ಅದರ ಮೇಲೆ ಪಾರಿವಾಳದ ಗಲೀಜು, ಕೂರೋಕೆ ಆಗಲ್ಲ. ಇದು ಎಲ್ಲಕ್ಕಿಂತ ಒಳ್ಳೇದು." ಕೈ ಎತ್ತಿ ತೋರಿಸಿದ. "ಅಲ್ನೋಡು, ಹದ್ದು. ಕೆಳಗಿರೋರಿಗೆ ಅದರ ಹೊಟ್ಟೆ ಕಾಣತ್ತೆ. ಇಲ್ಲಿಂದ ಬೆನ್ನು ಕಾಣತ್ತೆ."

ಅವಳು ನೋಡಿದಳು. ಹದ್ದು ಅವರಿಗಿಂತ ಕೆಳಗೆ, ಎರಡು ಕಟ್ಟಡಗಳ ನಡುವೆ ರೆಕ್ಕೆ ಬಡಿಯದೆ ತೇಲುತ್ತಿತ್ತು. ಕಂದು ಬೆನ್ನಿನ ಮೇಲೆ ಬಿಸಿಲು ಬಿದ್ದಿತ್ತು. ಇವನು ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದನ್ನು ಅವಳು ಯಾವಾಗ ಕೇಳಿದ್ದಳೋ ನೆನಪಿಲ್ಲ.

"ರೀ," ಅಂದಳು. "ನಿಮ್ಮ ಫೋನಿಗೆ ಆ ಊರುಗೋಲು, ಎಣ್ಣೆ ಎಲ್ಲ ಬರ್ತಿದೆಯಲ್ಲ. ಅದು ನಾನು ಮಾಡಿದ್ದು."

ಅವನು ತಿರುಗಿದ. ಅವಳು ಎಲ್ಲವನ್ನೂ ಹೇಳಿದಳು. ಪರೀಕ್ಷೆ, ಬಯೋ, 'ತಪ್ಪು' ಒತ್ತಿದ್ದು, ಕೆಳಗೆ ಬರೆದದ್ದು. ಮಂಚದ ಮಾತು ಹೇಳಿ ಎಲ್ಲರನ್ನೂ ನಗಿಸಿದ್ದನ್ನೂ ಬಿಡಲಿಲ್ಲ.

ಅವನು ಕೇಳಿದ್ದು ಅವಳು ಅಂದುಕೊಂಡದ್ದನ್ನಲ್ಲ.

"ಮಂಡಿ ವಿಷಯ ನಿಂಗೆ ಹೇಗೆ ಗೊತ್ತಾಯ್ತು?"

"ಅಯ್ಯೋ! ಇಷ್ಟು ವರ್ಷ ಪಕ್ಕದಲ್ಲಿ ಮಲಗಿದೀನಿ. ಮಗ್ಗುಲು ಬದಲಿಸುವಾಗ ನೀವು ಹಲ್ಲು ಕಚ್ಚೋ ಶಬ್ದ ಕೇಳಲ್ವಾ ನಂಗೆ?"

"ಮುಚ್ಚಿಟ್ಟಿದ್ದೀನಿ ಅಂದ್ಕೊಂಡಿದ್ದೆ."

"ಮುಚ್ಚಿಟ್ಟಿದ್ದೆಲ್ಲ ನಂಗೆ ಗೊತ್ತಿತ್ತು," ಅಂದಳು. "ಊರಿಗೆಲ್ಲ ಕಾಣೋ ಹಾಗೆ ಬರೆದುಕೊಂಡಿದ್ದಿರಲ್ಲ, ಅದೊಂದು ಗೊತ್ತಿರಲಿಲ್ಲ."

ಅವನು ನಕ್ಕ. ದಣಿದ ನಗು, ಆದರೆ ನಗುವೇ. "ಹಿತ್ತಲ ಗಿಡ," ಅಂದ, ಗಾದೆಯನ್ನು ಪೂರ್ತಿ ಮಾಡಲಿಲ್ಲ. ಪಾದವನ್ನು ಕೈಯಿಂದ ಎತ್ತಿ ಇನ್ನೊಂದು ಕಡೆ ಇಟ್ಟುಕೊಂಡ. "ಡಾಕ್ಟರು ಮೆಟ್ಟಿಲು ಬಿಡಿ ಅಂತ ಹೇಳಿ ತುಂಬಾ ದಿನ ಆಯ್ತು. ಹೇಳಿದ್ರೆ ನೀನು ಬೇಡ ಅಂತಿದ್ದೆ. ನೀನು ಬೇಡ ಅಂದ್ರೆ ಬಿಡಬೇಕಾಗ್ತಿತ್ತು."

"ಈಗಲೂ ಬೇಡ ಅಂತಲೇ ಹೇಳ್ತೀನಿ."

"ಹೇಳ್ತೀಯ ಅಂತ ಗೊತ್ತು. ಇಳಿದ ಮೇಲೆ ಹೇಳು."

ಕೆಳಗೆ ಮನೆಗಳಲ್ಲಿ ದೀಪ ಹತ್ತತೊಡಗಿದವು. ಯಾರೋ ಬಾಲ್ಕನಿಯಲ್ಲಿ ಚಾಪೆ ಕೊಡವುತ್ತಿದ್ದರು. ಒಂದು ಅಡುಗೆಮನೆಯಲ್ಲಿ ಗಂಡ ಹೆಂಡತಿ ಒಂದೇ ಸಿಂಕಿನ ಮುಂದೆ ಹೆಗಲು ತಾಗಿಸಿ ನಿಂತಿದ್ದರು. ದೊಡ್ಡಕ್ಕ ಬಗ್ಗಿ ನೋಡುತ್ತಿದ್ದಳು.

"ಹಾಂ, ನೋಡು. ನಿನಗಿದೇ ಇಷ್ಟ," ಅಂದ ಗಂಡ. "ಬಸ್ಸಲ್ಲಿ ಹೋದ್ರೂ ಬೇರೆಯವರ ಕಿಟಕಿಯೊಳಗೇ ನಿನ್ನ ಕಣ್ಣು. ಮದುವೆಯಾದ ಹೊಸದರಲ್ಲಿ ನನ್ನ ಮುಖ ನೋಡಲ್ಲ ಅಂತ ಬೇಜಾರಾಗ್ತಿತ್ತು."

ಅವಳು ಆ ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ.

ಕೆಳಗಿಳಿಯುವಾಗ ಲಿಫ್ಟಿನಲ್ಲೇ ಇಳಿದರು.

ಸೋಮವಾರ ಅವಳು ಆಫೀಸಿಗೆ ಹೋದವಳೇ ಟಾರ್ಗೆಟ್ ಸಾರ್ ಮುಂದೆ ನಿಂತಳು. "ನಾನು ಹಾಕಿದ ಗುರುತು ಒಂದು ತಪ್ಪಾಗಿದೆ. ಬದಲಾಯಿಸಬೇಕು."

ಅವನು ಪರದೆಯಿಂದ ಕಣ್ಣು ಕೀಳಲಿಲ್ಲ. "ಅದೆಲ್ಲ ಆಗಲೇ ಮೇಲಕ್ಕೆ ಹೋಯ್ತು ದೊಡ್ಡಕ್ಕ. ಒಂದು ಗುರುತಲ್ಲಿ ಏನಿದೆ? ಸಮುದ್ರಕ್ಕೆ ಒಂದು ಚೊಂಬು ನೀರು."

"ಆ ಚೊಂಬು ನೀರು ನಮ್ಮನೆಯವರ ತಲೆ ಮೇಲೆ ಬಿದ್ದಿದೆ ಸಾರ್."

ಅವನು ಈಗ ತಲೆಯೆತ್ತಿದ. ವಿಷಯ ಕೇಳಿಸಿಕೊಂಡ. ಮನುಷ್ಯ ಕೆಟ್ಟವನಲ್ಲ, ಅವನಿಗೂ ಮೇಲಿನವರ ಟಾರ್ಗೆಟ್ಟು. "ನನ್ನ ಕೈಲಿ ಇಲ್ಲ," ಅಂದ. "ಬೇಕಾದ್ರೆ ಅವರ ಫೋನಿನಲ್ಲೇ ಆ ಜಾಹೀರಾತು ಬೇಡ ಅಂತ ಒಂದೊಂದಾಗಿ ಒತ್ತಬಹುದು. ತಿಂಗಳುಗಟ್ಟಲೆ ಒತ್ತಬೇಕಾಗತ್ತೆ. ಅಷ್ಟೊತ್ತಿಗೆ ಅದೇ ಕಲಿಯತ್ತೆ."

ಹಾಗೆ ಮಾಡಿದಳು. ಸಂಜೆ ಒಲೆಯ ಮುಂದೆ ನಿಂತು ಗಂಡನ ಫೋನಿನಲ್ಲಿ ಬೇಡ, ಬೇಡ, ಬೇಡ ಅಂತ ಒತ್ತುತ್ತಿದ್ದಳು. ಮಂಡಿಪಟ್ಟಿ ಹೋದರೆ ಶ್ರವಣ ಯಂತ್ರ ಬರುತ್ತಿತ್ತು. "ಕಿವಿ ಚೆನ್ನಾಗಿದೆ ಅಂತ ಬರಿ," ಅನ್ನುತ್ತಿದ್ದ ಅವನು ಸೋಫಾದಿಂದ.

ತಿಂಗಳು ಮುಗಿಯುವ ಮುಂಚೆ ಪ್ರೋಗ್ರಾಂ ಪರೀಕ್ಷೆಯಲ್ಲಿ ಪಾಸಾಯಿತು ಅಂತ ಸುದ್ದಿ ಬಂತು. ಎಲ್ಲರಿಗೂ ಒಂದೊಂದು ಕಾಫಿ ಮಗ್ಗು ಕೊಟ್ಟು ಕಳಿಸಿದರು. ಕನ್ನಡಕದವಳು ಅತ್ತಳು. ದೊಡ್ಡಕ್ಕ ಅಳಲಿಲ್ಲ. ಬೆನ್ನು ತಟ್ಟಿ, ಮೆಟ್ಟಿಲಿಳಿದು, ಹಾಸಿಗೆ ಅಂಗಡಿಯ ಮುಂದೆ ಹೊರಗಿಟ್ಟಿದ್ದ ಹಾಸಿಗೆಯೊಂದರ ತುದಿಯಲ್ಲಿ ಸ್ವಲ್ಪ ಹೊತ್ತು ಕೂತಳು. ಅಂಗಡಿಯವನು ಏಳಿ ಅನ್ನಲಿಲ್ಲ.

ಗಂಡ ಮೆಟ್ಟಿಲು ಬಿಡುವುದಾಗಿ ಮಾತು ಕೊಟ್ಟಿದ್ದ. ಕೊಟ್ಟವನು ನಾಳೆ, ನಾಡಿದ್ದು ಅಂತ ಮುಂದೂಡುತ್ತಿದ್ದ. ಒಂದು ಬೆಳಿಗ್ಗೆ ಬ್ಯಾಂಕಿನ ಕಟ್ಟಡದ ಮೆಟ್ಟಿಲ ಅರ್ಧದಲ್ಲಿ ಕೂತವನಿಗೆ ಏಳಲಾಗಲಿಲ್ಲ. ಜೊತೆಯವನೂ ಬ್ಯಾಂಕಿನ ಕಾವಲುಗಾರನೂ ಕುರ್ಚಿಯಲ್ಲಿ ಕೂರಿಸಿ ಇಳಿಸಿದರು. ಲಿಫ್ಟಿನವನನ್ನು ಹೊತ್ತು ಇಳಿಸಬೇಕಾಯಿತಲ್ಲ ಅಂತ ಅವನಿಗೆ ನೋವಿಗಿಂತ ನಾಚಿಕೆಯೇ ಜಾಸ್ತಿ. ಮಂಡಿಗೆ ಆಪರೇಷನ್ ಆಯಿತು. ಅತ್ತೆ ಉಚಿತ ಸಲಹೆಗಳನ್ನು ಬಿಟ್ಟು ಮಗನ ಕಾಲ ಬುಡದಲ್ಲಿ ಸುಮ್ಮನೆ ಕೂತಿದ್ದು ಅದೊಂದೇ ವಾರ. ನಡೆಯಲು ಬಂದ ಮೇಲೆ ಕಂಪನಿ ಅವನನ್ನು ನೆಲಮಾಳಿಗೆಯ ಕಂಟ್ರೋಲ್ ರೂಮಿಗೆ ಹಾಕಿತು. ಕಿಟಕಿಯಿಲ್ಲದ ಕೋಣೆ. ಊರಿನಲ್ಲಿ ಯಾವ ಲಿಫ್ಟಿನೊಳಗೆ ಯಾರು ಸಿಕ್ಕಿಹಾಕಿಕೊಂಡು ಕೆಂಪು ಗುಂಡಿ ಒತ್ತಿದರೂ ಅವರ ದನಿ ಬರುವುದು ಇವನ ಕಿವಿಗೆ. ಮೆಕ್ಯಾನಿಕ್ ತಲುಪುವವರೆಗೆ ಇವನು ಅವರ ಜೊತೆ ಮಾತಾಡುತ್ತಿರಬೇಕು.

ಬಯೋವನ್ನು ಅವನು ಬದಲಿಸಲಿಲ್ಲ. ಬದಲಿಸಿ ಅಂತ ಅವಳೂ ಅನ್ನಲಿಲ್ಲ.

ಅವಳಿಗೆ ಕಣ್ಣಿನ ಆಸ್ಪತ್ರೆಯ ಕೌಂಟರಿನಲ್ಲಿ ಕೆಲಸ ಸಿಕ್ಕಿತು. ನಿಂತೇ ಇರಬೇಕು. ಸಂಜೆಗೆ ಕಾಲು ಕಲ್ಲಾಗುತ್ತಿತ್ತು. ಒಂದು ದಿನ ಅವನು ಊಟದ ತಟ್ಟೆಯ ಮುಂದೆ ಮುಖ ಸಪ್ಪೆ ಮಾಡಿಕೊಂಡು ಕೂತಿದ್ದ.

"ದೂರು ಬಂದಿದೆ," ಅಂದ. "ಒಬ್ಬಳು ಹುಡುಗಿ ಅರ್ಧ ಗಂಟೆ ಒಳಗಿದ್ದಳಂತೆ. ನಾನು 'ಹೆದರಬೇಡಿ, ಬರ್ತಿದಾರೆ' ಅನ್ನೋದು ಬಿಟ್ರೆ ಇನ್ನೇನೂ ಹೇಳಲಿಲ್ಲವಂತೆ. ಇನ್ನೇನು ಹೇಳಬೇಕು? ಬರ್ತಿದ್ದರು, ಬರ್ತಿದಾರೆ ಅಂದೆ."

"ಹೆದರಬೇಡಿ ಅಂದ್ರೆ ಹೆದರಿಕೆ ಜಾಸ್ತಿ ಆಗತ್ತೆ," ಅಂದಳು ದೊಡ್ಡಕ್ಕ. "ನಿಮಗೆ ಏನಿಷ್ಟ ಅಂತ ಕೇಳಿ."

"ಲಿಫ್ಟಲ್ಲಿ ಸಿಕ್ಕಿಹಾಕಿಕೊಂಡವರನ್ನಾ? ಹುಚ್ಚ ಅಂದ್ಕೋತಾರೆ."

"ಒಂದು ಗಳಿಗೆ ಅಂದ್ಕೋತಾರೆ. ಆಮೇಲೆ ಹೇಳ್ತಾರೆ. ಯಾರಾದ್ರೂ ಕೇಳಲಿ ಅಂತಲೇ ಕಾಯ್ತಿರ್ತಾರೆ ಜನ. ಇಷ್ಟು ಕಾಲ ಇನ್ನೇನು ಓದಿದೆ ಅಂದ್ಕೊಂಡ್ರಿ ನಾನು?"

ಅವನು ನಂಬಲಿಲ್ಲ. ಆದರೆ ಕೇಳಿ ನೋಡಿದ. ಮೊದಲನೆಯವನು ಬೈದನಂತೆ. ಎರಡನೆಯವಳು ಅಳು ನಿಲ್ಲಿಸಿ, ತನಗೆ ಕಲ್ಲಂಗಡಿ ಹಣ್ಣಿನ ಬೀಜ ಉಗುಳುವುದು ಇಷ್ಟ ಅಂದಳಂತೆ. ಅಲ್ಲಿಂದ ಶುರುವಾಯಿತು.

ಒಂದು ಸಂಜೆ ಅವಳು ಸೋಫಾದಲ್ಲಿ ಕೂತು ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡಿದ್ದಳು. ಅವನು ಪಕ್ಕದಲ್ಲೇ, ಬಚ್ಚಲಿನ ಬಾಗಿಲ ಮರೆಯಿಲ್ಲದೆ, ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದ.

"ಇವತ್ತು ಒಬ್ಬರು ವಕೀಲರು," ಅಂದ. "ದನಿ ಕೇಳಿದ್ರೆ ನಡುಗಬೇಕು. ಹೊರಗೆ ಬಂದ ಕೂಡಲೇ ಕೇಸ್ ಹಾಕ್ತೀನಿ ಅಂದ್ರು. ಹಾಕಿ ಸಾರ್, ಅಲ್ಲೀವರೆಗೆ ನಿಮಗೇನಿಷ್ಟ ಹೇಳಿ ಅಂದೆ. ಸುಮ್ಮನಾದ್ರು. ಆಮೇಲೆ ಮೆಲ್ಲಗೆ, ಹರಿದ ಕಾಲುಚೀಲ ಹೊಲಿಯೋದು ಇಷ್ಟ ಅಂದ್ರು. ಹೆಂಡತಿಗೂ ಗೊತ್ತಿಲ್ಲವಂತೆ, ಆಫೀಸಿನ ಬಾಗಿಲು ಹಾಕ್ಕೊಂಡು ಹೊಲೀತಾರಂತೆ. ಯಾವ ದಾರ, ಯಾವ ಸೂಜಿ, ಹಿಮ್ಮಡಿ ಹತ್ರ ಹೇಗೆ ತಿರುಗಿಸಬೇಕು, ಎಲ್ಲ ಹೇಳಿದ್ರು. ಅಷ್ಟರಲ್ಲಿ ನಮ್ಮ ಹುಡುಗ ಹೋಗಿ ಬಾಗಿಲು ತೆಗೆದ. ಅವರು ಅವನಿಗೆ, 'ಒಂದು ನಿಮಿಷ ಇರಪ್ಪಾ, ಮಾತಾಡ್ತಿದೀನಿ' ಅಂದ್ರಂತೆ!"

ಅತ್ತೆ ಒಳಗಿನಿಂದ ಬಿದ್ದು ಬಿದ್ದು ನಕ್ಕರು. ದೊಡ್ಡಕ್ಕನೂ ನಕ್ಕಳು. ನಗು ಮುಗಿಯುವ ಮುಂಚೆಯೇ ಅವಳ ತಲೆ ಸೋಫಾದ ಹಿಂದಕ್ಕೆ ವಾಲಿತು. ಬಾಯಿ ಅರ್ಧ ತೆರೆದಿತ್ತು.

ಅವಳಿಗೆ ನಿದ್ದೆ ಹತ್ತಿದ್ದು ಅವನಿಗೆ ಗೊತ್ತಾಯಿತು. ಆದರೂ ನಿಲ್ಲಿಸಲಿಲ್ಲ. ದನಿ ತಗ್ಗಿಸಿ, ಮಧ್ಯಾಹ್ನ ಸಿಕ್ಕಿಹಾಕಿಕೊಂಡಿದ್ದ ಇನ್ನೊಬ್ಬರ ಕಥೆ ಶುರು ಮಾಡಿದ.